9 ಬಿಳಿ ಪಾನ್, ಒಂದು ರೆಡ್: ಬೇರ್ಸ್ ಲೈನ್ ನೋಟ್‌ಬುಕ್

ಮಾರ್ಚ್ 12, 2025

ಅಮೆರಿಕನ್ ಫುಟ್‌ಬಾಲ್ ಆಡುವ ಶಿಕಾಗೋ ಬೇರ್ಸ್ ತಂಡದ ಲೈನ್‌ಗೆ, ಅಂದರೆ ಚೆಂಡು ಎಸೆಯುವವನ ಮುಂದೆ ಸಾಲಾಗಿ ನಿಂತು ಅವನನ್ನು ಕಾಯುವ ಐವರಿಗೆ ಅಂತಲೇ ಒಂದು ನೋಟ್‌ಬುಕ್ ಇಡಬೇಕು ಅಂದುಕೊಂಡು ಎರಡು ತಿಂಗಳಾಯಿತು. ಇವತ್ತು ಶುರು ಮಾಡಿದೆ.

ಕಾರಣ ಒಂದೇ ಅಂಕಿ: 68. ಕಳೆದ ಸೀಸನ್‌ನಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಹುಡುಗ, ಕೇಲೆಬ್ ವಿಲಿಯಮ್ಸ್ ಅಷ್ಟು ಸಲ ಸ್ಯಾಕ್ ಆದ. ಅಂದರೆ ಚೆಂಡು ಎಸೆಯುವ ಮೊದಲೇ ನೆಲಕ್ಕೆ ಬಿದ್ದ. 17 ಪಂದ್ಯ, ಪಂದ್ಯಕ್ಕೆ ಸರಾಸರಿ 4 ಸಲ. ಎನ್‌ಎಫ್‌ಎಲ್ ಅನ್ನುವ ಈ ಲೀಗಿನ ಇತಿಹಾಸದಲ್ಲಿ ಒಂದೇ ಸೀಸನ್‌ನಲ್ಲಿ ಇದಕ್ಕಿಂತ ಜಾಸ್ತಿ ಬಿದ್ದವರು ಇಬ್ಬರೇ. 2002ರಲ್ಲಿ ಹ್ಯೂಸ್ಟನ್‌ನ ಡೇವಿಡ್ ಕಾರ್ 76 ಸಲ, 1986ರಲ್ಲಿ ಫಿಲಡೆಲ್ಫಿಯಾದ ರ‍್ಯಾಂಡಲ್ ಕನಿಂಗ್‌ಹ್ಯಾಮ್ 72 ಸಲ. 2024ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಾಗ, ಎಲ್ಲರಿಗಿಂತ ಮೊದಲು ಆರಿಸಿ ತಂದ ಹುಡುಗನಿಗೆ ಮೊದಲ ವರ್ಷ ಸಿಕ್ಕ ಮರ್ಯಾದೆ ಇದು. ತಂಡ 4-2ರಲ್ಲಿತ್ತು, ಅಂದರೆ 4 ಗೆಲುವು, 2 ಸೋಲು. ಆಮೇಲೆ ಸಾಲಾಗಿ 10 ಪಂದ್ಯ ಸೋತಿತು.

ಪ್ರಾಜೆಕ್ಟ್ ಇಷ್ಟೇ. ಒಂದು, ಆ 68 ಸ್ಯಾಕ್‌ಗಳನ್ನೂ ಮತ್ತೆ ನೋಡಿ ಯಾಕೆ ಆಯಿತು ಅಂತ ಬರೆಯುವುದು. ಎರಡು, ಹೊಸ ಲೈನ್ ಹೇಗೆ ಕೂಡಿಕೊಳ್ಳುತ್ತದೆ ಅಂತ ಸೆಪ್ಟೆಂಬರ್‌ವರೆಗೆ ಲೆಕ್ಕ ಇಡುವುದು. ಇದಕ್ಕೆ ಮನೆಯಲ್ಲಿದ್ದ ಕೇರಂ ಪಾನ್‌ಗಳನ್ನೇ ತೆಗೆದುಕೊಂಡೆ. ಬಿಳಿ ಪಾನ್ ನಮ್ಮ ಲೈನ್, ಕರಿ ಪಾನ್ ನುಗ್ಗಿ ಬರುವವರು, ರೆಡ್ ಅಂದರೆ ಕೇಲೆಬ್. ಬಿಳಿ ಪಾನ್‌ಗಳ ಮೇಲೆ ಮಾರ್ಕರ್‌ನಲ್ಲಿ ಜೆರ್ಸಿ ನಂಬರ್ ಬರೆಯುತ್ತಿದ್ದೇನೆ. ಹೆಂಡತಿಗೆ ಇನ್ನೂ ಗೊತ್ತಿಲ್ಲ.

ಈ ವಾರ ಬರೆದ ನಂಬರ್‌ಗಳು ಮೂರು: 62, 52, 73.

62 ಜೋ ಥೂನಿ. ಕಾನ್ಸಸ್ ಸಿಟಿಯಿಂದ ಬಂದ, 2026ರ ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ಒಂದು ಪಿಕ್‌ಗೆ, ಅಂದರೆ ಒಬ್ಬ ಹೊಸಬನನ್ನು ಆರಿಸುವ ಸರದಿಗೆ ಬದಲಾಗಿ. ನಾಲ್ಕು ಸೂಪರ್ ಬೌಲ್ ಉಂಗುರ ಇರುವವನು, ಎರಡು ನ್ಯೂ ಇಂಗ್ಲೆಂಡ್‌ನಲ್ಲಿ, ಎರಡು ಕಾನ್ಸಸ್ ಸಿಟಿಯಲ್ಲಿ. ವಯಸ್ಸು 32. 73 ಜೋನಾ ಜಾಕ್ಸನ್. ರ‍್ಯಾಮ್ಸ್‌ಗೆ ಆರನೇ ಸುತ್ತಿನ ಪಿಕ್ ಕೊಟ್ಟು ತಂದರು. ಅಲ್ಲಿ ಭುಜದ ಪೆಟ್ಟಿನಿಂದ ನಾಲ್ಕೇ ಪಂದ್ಯ ಆಡಿದ್ದ. ಆದರೆ ಅದಕ್ಕೂ ಮೊದಲು ಡೆಟ್ರಾಯ್ಟ್‌ನಲ್ಲಿದ್ದ. ನಮ್ಮ ಹೊಸ ಕೋಚ್ ಬೆನ್ ಜಾನ್ಸನ್ ಬಂದಿದ್ದೂ ಅಲ್ಲಿಂದಲೇ. 52 ಡ್ರೂ ಡಾಲ್ಮನ್, ಅಟ್ಲಾಂಟಾದ ಸೆಂಟರ್, ಅಂದರೆ ಸಾಲಿನ ನಟ್ಟನಡುವೆ ನಿಲ್ಲುವವನು. ಮೂರು ವರ್ಷಕ್ಕೆ 4 ಕೋಟಿ 20 ಲಕ್ಷ ಡಾಲರ್. ಇವನ ಅಪ್ಪ ಕ್ರಿಸ್ ಡಾಲ್ಮನ್ ಕೂಡ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೆಂಟರ್ ಆಗಿದ್ದವನು. ಮನೆತನದ ಕಸುಬು.

ಒಂದೇ ವಾರದಲ್ಲಿ ಮಧ್ಯದ ಮೂರೂ ಜಾಗ ಹೊಸದು. ಸಂತೋಷಕ್ಕೆ ಮೂರು ಪಾನ್‌ಗಳನ್ನೂ ಜೇಬಲ್ಲಿ ಹಾಕಿಕೊಂಡು ಆಫೀಸಿಗೆ ಹೋದೆ.

ಏಪ್ರಿಲ್ 6

23 ಸ್ಯಾಕ್ ನೋಡಿ ಮುಗಿಯಿತು. ಎಲ್ಲವನ್ನೂ ಹರಿದು ಹಾಕಿದೆ.

ತಪ್ಪು ನನ್ನದೇ. ಪ್ರತಿಯೊಂದಕ್ಕೂ "ಲೈನ್ ಸೋತಿತು" ಅಂತ ಬರೆಯುತ್ತಾ ಹೋಗಿದ್ದೆ. ಮತ್ತೆ ನಿಧಾನವಾಗಿ ನೋಡಿದರೆ ಕಥೆ ಬೇರೆ. ಎಷ್ಟೋ ಸಲ ಲೈನ್ ಚೆನ್ನಾಗಿಯೇ ತಡೆದಿದೆ. ಕೇಲೆಬ್ ಚೆಂಡು ಬಿಡದೆ ಹಿಂದಕ್ಕೆ, ಪಕ್ಕಕ್ಕೆ ಓಡಿ ಓಡಿ ತಾನೇ ಸಿಕ್ಕಿಬಿದ್ದಿದ್ದಾನೆ. ಅವನು ಇಡೀ ವರ್ಷದಲ್ಲಿ ಎಸೆದು ಎದುರಾಳಿ ಕೈಗೆ ಕೊಟ್ಟಿದ್ದು 6 ಚೆಂಡು ಮಾತ್ರ. ಅದೂ ಇದೂ ಒಂದೇ ಸ್ವಭಾವದ ಎರಡು ಮುಖ ಅಂತ ನನಗೀಗ ಅನಿಸುತ್ತಿದೆ. ಕಳೆದುಕೊಳ್ಳುವುದಕ್ಕೆ ಮನಸ್ಸಿಲ್ಲ, ಹಿಡಿದುಕೊಂಡೇ ಬೀಳುತ್ತಾನೆ.

ಈಗ ನಾಲ್ಕು ಕಾಲಂ ಮಾಡಿದ್ದೇನೆ. ಒಬ್ಬನೇ ಸೋತದ್ದು. ಇಬ್ಬರ ನಡುವೆ ಮಾತು ತಪ್ಪಿದ್ದು. ಕೇಲೆಬ್ ಹಿಡಿದುಕೊಂಡದ್ದು. ಬೇರೆಯವರು, ಅಂದರೆ ತಡೆಯಲು ಲೈನ್‌ಗೆ ನೆರವಾಗುವ ರನ್ನಿಂಗ್ ಬ್ಯಾಕ್ ಅಥವಾ ಟೈಟ್ ಎಂಡ್, ಬಿಟ್ಟದ್ದು. ಮೊದಲಿನಿಂದ ಮತ್ತೆ ಶುರು.

ಏಪ್ರಿಲ್ 26

ಡ್ರಾಫ್ಟ್ ಮುಗಿಯಿತು. ಈ ಸಲ ನಡೆದದ್ದು ಗ್ರೀನ್ ಬೇಯಲ್ಲಿ, ನಮ್ಮ ಬದ್ಧ ವೈರಿಗಳ ಊರಲ್ಲಿ. 56ನೇ ಪಿಕ್‌ಗೆ ಆಜಿ ಟ್ರಪಿಲೋ. ಬಾಸ್ಟನ್ ಕಾಲೇಜಿನ ಟ್ಯಾಕಲ್, ಅಂದರೆ ಸಾಲಿನ ತುದಿಯಲ್ಲಿ ನಿಲ್ಲುವವನು, 6 ಅಡಿ 8 ಅಂಗುಲ. ಇವನ ಅಪ್ಪನೂ ನ್ಯೂ ಆರ್ಲಿಯನ್ಸ್‌ನಲ್ಲಿ ಲೈನ್ ಆಡಿದವನೇ. ಆರನೇ ಸುತ್ತಿನಲ್ಲಿ ಮಿಷಿಗನ್ ಸ್ಟೇಟ್‌ನ ಲ್ಯೂಕ್ ನ್ಯೂಮನ್.

ಪಾನ್ 75 ತಯಾರಾಯಿತು. ನ್ಯೂಮನ್‌ಗೆ ಸದ್ಯಕ್ಕೆ ಒಂದು ಚುಕ್ಕಿ ಇಟ್ಟೆ.

ಜೂನ್ 15

ಮಾವ ಹಾಸನದಿಂದ ಬಂದು ಮೂರು ವಾರವಾಯಿತು. ಟೇಬಲ್ ಮೇಲೆ ನಂಬರ್ ಬರೆದ ಪಾನ್‌ಗಳನ್ನು ನೋಡಿ ಮೊದಲ ದಿನ ಏನೂ ಕೇಳಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಕಾಫಿ ಕುಡಿಯುತ್ತಾ, "ಅಳಿಯಂದ್ರೇ, ಇದು ಯಾವ ಆಟ, ಸ್ಟ್ರೈಕರೇ ಇಲ್ವಲ್ಲ?" ಅಂದರು.

ವಿವರಿಸಿದೆ. ಸಾಲಾಗಿ ಐದು ಜನ. ನಡುವೆ ಸೆಂಟರ್, ಅವನ ಅಕ್ಕಪಕ್ಕ ಗಾರ್ಡ್, ತುದಿಗಳಲ್ಲಿ ಟ್ಯಾಕಲ್. ಇವರಿಗೆ ಚೆಂಡು ಹಿಡಿಯುವ ಹಕ್ಕಿಲ್ಲ. ನಂಬರ್ ಕೂಡ 50ರಿಂದ 79ರ ಒಳಗೇ. ಯಾರಾದರೂ ಹಿಡಿಯಬೇಕೆಂದರೆ ಮೊದಲೇ ರೆಫರಿಗೆ ಹೋಗಿ ಹೇಳಬೇಕು. ಕೆಲಸ ಒಂದೇ, ಹಿಂದಿರುವ ರೆಡ್‌ಗೆ ಎರಡೂವರೆ, ಮೂರು ಸೆಕೆಂಡ್ ಸಂಪಾದಿಸಿ ಕೊಡುವುದು.

ಆಮೇಲೆ ಸ್ಟಂಟ್, ಅಂದರೆ ನುಗ್ಗುವವರು ಜಾಗ ಅದಲುಬದಲು ಮಾಡುವ ತಂತ್ರ, ತೋರಿಸಿದೆ. ಎಡ ಟ್ಯಾಕಲ್ ಎದುರು ಒಬ್ಬ ಕರಿ ಪಾನ್, ಎಡ ಗಾರ್ಡ್ ಎದುರು ಇನ್ನೊಬ್ಬ. ಚೆಂಡು ಹೊರಟ ತಕ್ಷಣ ಹೊರಗಿನವನು ಒಳಕ್ಕೆ ನುಗ್ಗುತ್ತಾನೆ. ಒಳಗಿನವನು ಅವನ ಬೆನ್ನ ಹಿಂದೆ ಸುತ್ತಿ ಹೊರಕ್ಕೆ ಬರುತ್ತಾನೆ. ಆಗ ನಮ್ಮ ಟ್ಯಾಕಲ್ ತನ್ನವನ ಬೆನ್ನು ಹತ್ತಿ ಒಳಕ್ಕೆ ಹೋಗಬಾರದು. ಅವನನ್ನು ಗಾರ್ಡ್‌ಗೆ ಒಪ್ಪಿಸಿ, ಸುತ್ತಿ ಬರುವವನಿಗೆ ಕಾಯಬೇಕು. ಗಾರ್ಡ್ ತನ್ನವನನ್ನು ಬಿಟ್ಟು ಬಂದವನನ್ನು ತಗೊಳ್ಳಬೇಕು. ಇಬ್ಬರೂ ಒಬ್ಬನ ಮೇಲೇ ಬಿದ್ದರೆ ಇನ್ನೊಬ್ಬನಿಗೆ ರೆಡ್‌ವರೆಗೆ ದಾರಿ ಖಾಲಿ. ಇದೆಲ್ಲ ಮುಗಿಯುವುದು ಒಂದು ಸೆಕೆಂಡ್ ಆಸುಪಾಸಿನಲ್ಲಿ.

ಮಾವ ಕಾಲೇಜಲ್ಲಿ ಕಬಡ್ಡಿ ಆಡಿದವರು. ಎರಡು ಸಲ ಪಾನ್ ತಳ್ಳಿ ನೋಡಿದರು. "ಇದು ಚೈನ್ ಅಲ್ವೇ? ಕೈ ಹಿಡ್ಕೊಂಡಿರೋ ಇಬ್ರೂ ರೈಡರ್ ಹಿಂದೆ ಓಡಿದ್ರೆ ಮೂಲೆ ಖಾಲಿ. ನಾವು ಜೋಡಿ ಬದಲಾಯಿಸ್ತಾನೇ ಇರ್ಲಿಲ್ಲ. ಒಬ್ಬನಿಗೆ ಜ್ವರ ಬಂದ್ರೆ ಇಬ್ರನ್ನೂ ಕೂರಿಸ್ತಿದ್ರು ನಮ್ಮ ಮೇಷ್ಟ್ರು."

ಆ ರಾತ್ರಿ ನೋಟ್‌ಬುಕ್ ತೆಗೆದು ಎರಡನೇ ಕಾಲಂ ಮತ್ತೆ ಓದಿದೆ. ಮಾತು ತಪ್ಪಿದ ಸ್ಯಾಕ್‌ಗಳಲ್ಲಿ ಹೆಚ್ಚಿನವು ಜೋಡಿ ಹೊಸದಾಗಿದ್ದ ವಾರಗಳವು. ನವೆಂಬರ್ 10ರ ನ್ಯೂ ಇಂಗ್ಲೆಂಡ್ ಪಂದ್ಯವನ್ನೇ ತಗೊಳ್ಳಿ. ಎರಡೂ ಕಡೆಯ ಮುಖ್ಯ ಟ್ಯಾಕಲ್‌ಗಳು ಹೊರಗೆ. ಕೇಲೆಬ್ 9 ಸಲ ಬಿದ್ದ, 19-3ರಲ್ಲಿ ಸೋತೆವು. ಎರಡು ದಿನ ಬಿಟ್ಟು ಆಫೆನ್ಸ್ ಕೋಚನ್ನೇ ಮನೆಗೆ ಕಳಿಸಿದರು. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಐದು ಹೆಸರು ಮಾತ್ರ ಇತ್ತು. ಐದನ್ನು ಸರಿ ಮಾಡಿದರೆ ಎಲ್ಲ ಸರಿ ಅಂತ. ಅಲ್ಲ. ಆರನೆಯವನು, ಏಳನೆಯವನು ಯಾರು ಅನ್ನುವುದೇ ಜಾಸ್ತಿ ಮುಖ್ಯ. ಐದೂ ಜನ 17 ಪಂದ್ಯ ಒಟ್ಟಿಗೆ ಆಡುವುದನ್ನು ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಂದಹಾಗೆ 72 ನಂಬರಿನ ಹುಡುಗನ ಹೆಸರು ಕಿರನ್ ಅಮೆಗಾಜಿ. "ನಮ್ಮ ಕಡೆ ಹುಡುಗ್ನಾ?" ಅಂತ ಮಾವ ಆಸೆಯಿಂದ ಕೇಳಿದರು. ಅಲ್ಲ ಮಾವ. ಆದರೆ ಹಿನ್ಸ್‌ಡೇಲ್‌ನವನು, ನಮ್ಮ ಮನೆಯಿಂದ ದೂರ ಇಲ್ಲ. ಯೇಲ್‌ನಲ್ಲಿ ಓದಿದವನು ಅಂದ ಮೇಲೆ ಮಾವನಿಗೆ ಅವನೇ ಮೆಚ್ಚಿನವನಾಗಿಬಿಟ್ಟ.

ಜುಲೈ 27

68ರಲ್ಲಿ 68 ಮುಗಿಯಿತು! ನೋಟ್‌ಬುಕ್ ಒಂದು ತುಂಬಿತು. ಲೇಕ್ ಫಾರೆಸ್ಟ್‌ನ ಹಾಲಸ್ ಹಾಲ್‌ನಲ್ಲಿ ಕ್ಯಾಂಪ್ ನಡೆಯುತ್ತಿದೆ.

ಈಗ ಇರುವ ಒಗಟು ಒಂದೇ, ಎಡ ಟ್ಯಾಕಲ್. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎಡಗಡೆ ಬೆನ್ನಾಗಿರುತ್ತದೆ. ಅಲ್ಲಿಂದ ಬರುವವನು ಕಾಣುವುದಿಲ್ಲ. ಬಲಗಡೆ ಚಿಂತೆ ಇಲ್ಲ, 58 ಡಾರ್ನೆಲ್ ರೈಟ್ ಇದ್ದಾನೆ. 2023ರ ಹತ್ತನೇ ಪಿಕ್. ರೈಟ್‌ನಲ್ಲಿ ರೈಟ್ ಇದ್ದರೆ ಎಲ್ಲಾ ರೈಟು ಅಂತ ಮಾವ ದಿನಕ್ಕೊಮ್ಮೆ ಹೇಳುತ್ತಾರೆ, ದಿನಾ ತಾವೇ ನಗುತ್ತಾರೆ.

ಎಡಗಡೆ ಜಾಗಕ್ಕೆ ನಾಲ್ಕು ಪಾನ್. 70 ಬ್ರ್ಯಾಕ್ಸ್ಟನ್ ಜೋನ್ಸ್, 2022ರಿಂದ ಆ ಜಾಗದ ಯಜಮಾನ. ಡಿಸೆಂಬರ್‌ನಲ್ಲಿ ಡೆಟ್ರಾಯ್ಟ್ ವಿರುದ್ಧ ಕಣಕಾಲು ಮುರಿದುಕೊಂಡ. ಬಲ ಉಪಯೋಗಿಸಿ ನುಗ್ಗುವವರ ಎದುರು ಸ್ವಲ್ಪ ಹಿಂದಕ್ಕೆ ಜಾರುತ್ತಾನೆ, ಆದರೆ ಗಾಬರಿ ಆಗುವುದಿಲ್ಲ. 72 ಕಿರನ್. ಡಿಸೆಂಬರ್ 16ರಂದು ಮಿನೆಸೋಟಾದಲ್ಲಿ, ದೇಶವೆಲ್ಲ ನೋಡುವ ಸೋಮವಾರ ರಾತ್ರಿ, ಮೊದಲ ಸಲ ಶುರುವಿನಿಂದ ಆಡಿಸಿದರು. ಪಾಪ, ತುಂಬಾ ಕಷ್ಟವಾಯಿತು. ಆ ಒಂದು ರಾತ್ರಿ ನೋಡಿ ಹುಡುಗನ ಜಾತಕ ಬರೆಯುವುದು ನನಗಿಷ್ಟವಿಲ್ಲ. 75 ಟ್ರಪಿಲೋ, ಹೊಸಬ, ಕಾಲೇಜಲ್ಲಿ ಕೊನೆಯ ಎರಡು ವರ್ಷ ಆಡಿದ್ದು ಬಲಗಡೆ. ಎಡಕ್ಕೆ ಬರುವುದೆಂದರೆ ಕಾಲು, ಕೈ, ಸೊಂಟ ಎಲ್ಲಾ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ. ಎಡಗೈಯಲ್ಲಿ ದೋಸೆ ಹುಯ್ಯಲು ಹೇಳಿದಂತೆ.

ನಾಲ್ಕನೆಯವನು 79 ಥಿಯೋ ಬೆನೆಡೆಟ್. ಕೆನಡಾದವನು, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಡಿದವನು. ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ನನ್ನ ಗುಟ್ಟಿನ ವೋಟು ಇವನಿಗೇ.

ಆಗಸ್ಟ್ 11

ನಿನ್ನೆ ಮಯಾಮಿ ಜೊತೆ ಅಭ್ಯಾಸ ಪಂದ್ಯ. 24-24 ಸಮ. ಕೇಲೆಬ್ ಆಡಲಿಲ್ಲ, ಮುಖ್ಯ ಆಟಗಾರರಲ್ಲಿ ಹೆಚ್ಚಿನವರೂ ಇಲ್ಲ. ಉಳಿದವರಿಗೆ ಬೇಜಾರು, ನನಗೆ ಹಬ್ಬ. ಬೆಂಚಿನವರನ್ನು ಇಷ್ಟು ಹೊತ್ತು ನೋಡಲು ಬೇರೆ ಯಾವಾಗ ಸಿಗುತ್ತದೆ?

79 ಚೆನ್ನಾಗಿ ಕಂಡ.

72 ನಂಬರ್ ಪಾನ್ ಕಾಣಿಸುತ್ತಿಲ್ಲ. ಮಗಳನ್ನು ಕೇಳಿದರೆ "ತಾತನ್ನ ಕೇಳು" ಅನ್ನುತ್ತಾಳೆ.

ಆಗಸ್ಟ್ 18

ಬಫಲೋ ವಿರುದ್ಧ 38-0. ಫೋನ್ ಪೂರ್ತಿ ಗೆಳೆಯರ ಸಂಭ್ರಮ. ಅವರ ಕ್ವಾರ್ಟರ್‌ಬ್ಯಾಕ್ ಜೋಶ್ ಆಲನ್ ಆಡಲೇ ಇಲ್ಲ ಅಂತ ನೆನಪಿಸಿದೆ. ಗ್ರೂಪ್‌ನಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಆದರೂ ಮೊದಲ ಸರದಿಯನ್ನು ಐದು ಸಲ ನೋಡಿದೆ. ಕೇಲೆಬ್ ತಂಡವನ್ನು 92 ಗಜ ಒಯ್ದು ಗೆರೆ ದಾಟಿಸಿದ. ನಾನು ನೋಡಿದ್ದು ಚೆಂಡನ್ನಲ್ಲ, 52ನ್ನು. ಸೆಂಟರ್ ತಲೆ ಎತ್ತಿ ಎದುರಿನವರನ್ನು ಎಣಿಸುತ್ತಾನೆ, ಬೆರಳು ತೋರಿಸುತ್ತಾನೆ, ಏನೋ ಕೂಗುತ್ತಾನೆ, ಪಕ್ಕದ ಇಬ್ಬರೂ ಕಾಲು ಸರಿಸಿಕೊಳ್ಳುತ್ತಾರೆ. ಕಳೆದ ವರ್ಷದ ವಿಡಿಯೋಗಳಲ್ಲಿ ಐದು ತಲೆ ಐದು ದಿಕ್ಕಿಗೆ ನೋಡುತ್ತಿದ್ದವು. ಮಾವನಿಗೂ ತೋರಿಸಿದೆ. "ಪುರೋಹಿತರು ಸಿಕ್ಕಿದ್ರು ಬಿಡಿ" ಅಂದರು.

ಕ್ಯಾಂಪಿನಲ್ಲಿ ಟ್ರಪಿಲೋನನ್ನು ಬಲಗಡೆಗೂ ಹಾಕಿ ನೋಡುತ್ತಿದ್ದಾರೆ. ಹೊಸ ಹುಡುಗನಿಗೆ ಅದು ಹಿನ್ನಡೆ ಅಂತ ಬರೆಯುತ್ತಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಸರಿಯಾದ ಕೆಲಸ. ಎರಡೂ ಕಡೆ ನಿಲ್ಲಬಲ್ಲ ಆರನೆಯವನು ಬೇಕೇ ಬೇಕು.

ಆಗಸ್ಟ್ 26

ಇವತ್ತು ಕತ್ತರಿ ದಿನ. 90 ಜನರಿಂದ 53ಕ್ಕೆ ಇಳಿಸಬೇಕು. ಇಲ್ಲಿಯ ಗಡಿಯಾರದಲ್ಲಿ ಮಧ್ಯಾಹ್ನ 3ರ ಒಳಗೆ.

ಬೆಂಚಿನ ಬಗ್ಗೆ ಒಂದು ನಿಯಮ ಇದೆ. ನನಗೆ ತುಂಬಾ ಇಷ್ಟ. 53 ಜನರೂ ಪಂದ್ಯದ ದಿನ ಆಡುವಂತಿಲ್ಲ. ಅಂಗಿ ತೊಟ್ಟು ಇಳಿಯಬಹುದಾದವರು 47. ಆದರೆ ಅವರಲ್ಲಿ ಕನಿಷ್ಠ 8 ಜನ ಲೈನ್‌ನವರಿದ್ದರೆ 48. ಅಂದರೆ ಎಂಟನೇ ಲೈನ್‌ಮನ್‌ಗೆ ಲೀಗೇ ಒಂದು ಕುರ್ಚಿ ಎತ್ತಿಟ್ಟಿದೆ. ಲೀಗ್ ಮತ್ತು ಆಟಗಾರರ ಸಂಘದ 2020ರ ಒಪ್ಪಂದದಲ್ಲಿ ಬಂದದ್ದು. ಲೈನ್ ತೆಳ್ಳಗಾದರೆ ಆಟವೇ ಕೆಡುತ್ತದೆ ಅಂತ ಅವರಿಗೂ ಗೊತ್ತು.

ನನ್ನ ಪಾನ್‌ಗಳಲ್ಲಿ ಯಾವುದೂ ಡಬ್ಬಿಗೆ ವಾಪಸ್ ಹೋಗಲಿಲ್ಲ. ಐದು ಮುಖ್ಯ, ಜೊತೆಗೆ 75, 72, 79, ಮತ್ತೆ ಚುಕ್ಕಿ ಇಟ್ಟ ನ್ಯೂಮನ್. ಒಟ್ಟು ಒಂಬತ್ತು. ಕೇರಂನಲ್ಲಿ ಬಿಳಿ ಪಾನ್ ಇರುವುದೂ ಒಂಬತ್ತೇ! ಇದನ್ನು ಮಾರ್ಚ್‌ನಲ್ಲಿ ಯೋಚಿಸಿರಲಿಲ್ಲ, ಸುಮ್ನೆ ಕೂಡಿಬಂತು.

ಹಾಂ, 72 ಸಿಕ್ಕಿತು. ಮಾವನ ಜುಬ್ಬದ ಜೇಬಿನಲ್ಲಿತ್ತು.

ಸೆಪ್ಟೆಂಬರ್ 7

ನಾಳೆ ಸೋಲ್ಜರ್ ಫೀಲ್ಡ್‌ನಲ್ಲಿ ಮೊದಲ ಪಂದ್ಯ. ಎದುರು ಮಿನೆಸೋಟಾ ವೈಕಿಂಗ್ಸ್. ಎಡಗಡೆ ಕೊನೆಗೂ ಜೋನ್ಸ್‌ಗೇ ಸಿಕ್ಕಿದೆ. ಎಡದಿಂದ ಬಲಕ್ಕೆ 70, 62, 52, 73, 58. ಬೆನೆಡೆಟ್‌ಗೆ ಹಾಕಿದ ನನ್ನ ವೋಟು ಸದ್ಯಕ್ಕೆ ದಂಡ.

ವೈಕಿಂಗ್ಸ್ ಮೊದಲು ಸಿಕ್ಕಿದ್ದು ಅದೃಷ್ಟವೋ ಗ್ರಹಚಾರವೋ ಗೊತ್ತಿಲ್ಲ. ಅವರ ಡಿಫೆನ್ಸ್ ನಡೆಸುವ ಬ್ರಯಾನ್ ಫ್ಲೋರೆಸ್ ಎಲ್ಲಿಂದ ಯಾರನ್ನು ನುಗ್ಗಿಸುತ್ತಾನೆ ಅಂತ ಚೆಂಡು ಹೊರಡುವವರೆಗೂ ತಿಳಿಯುವುದಿಲ್ಲ. ಆರು ಜನ ಗೆರೆ ಮೇಲೆ ನಿಂತಿರುತ್ತಾರೆ, ಮೂವರು ಹಿಂದೆ ಸರಿಯುತ್ತಾರೆ, ಎಲ್ಲಿಂದಲೋ ಇನ್ನೊಬ್ಬ ಬರುತ್ತಾನೆ. ಸಾಲದ್ದಕ್ಕೆ ಈ ವರ್ಷ ಅವರೂ ಮಧ್ಯಕ್ಕೇ ದುಡ್ಡು ಸುರಿದಿದ್ದಾರೆ, ಜೊನಾಥನ್ ಆಲನ್ ಮತ್ತು ಜಾವನ್ ಹಾರ್ಗ್ರೇವ್. ನಾವು ಮಾರ್ಚ್‌ನಲ್ಲಿ ಕೊಂಡ ಮೂವರ ಎದುರಿಗೇ ಅವರು ಮಾರ್ಚ್‌ನಲ್ಲಿ ಕೊಂಡ ಇಬ್ಬರು.

ಎರಡನೇ ನೋಟ್‌ಬುಕ್‌ಗೆ ಗೆರೆ ಹಾಕಿ ಆಯಿತು. ಅದೇ ನಾಲ್ಕು ಕಾಲಂ. ಐದನೆಯದೊಂದು ಹೊಸದು: "ಆ ಹೊತ್ತಿಗೆ ಪಕ್ಕದಲ್ಲಿ ಯಾರಿದ್ದರು".

ರಾತ್ರಿ ಊಟ ಆದ ಮೇಲೆ ಮಾವ ಪಾನ್‌ಗಳನ್ನು ತಾವೇ ಜೋಡಿಸಿದರು. ರೆಡ್ಡನ್ನು ಕೈಯಲ್ಲಿ ಹಿಡಿದು ಕೇಳಿದರು, "ಹೋದ್ವರ್ಷ ರೆಡ್ ಹಾಕಿದ್ರು, ಫಾಲೋ ಹಾಕೋಕೆ ಮರ್ತಿದ್ರು. ಅಷ್ಟೇ ತಾನೇ?" ಹೌದು ಅಂದೆ.

ಅವರ ವಿಮಾನ ಬುಧವಾರ. ಪಂದ್ಯ ನಾಳೆ ಸಂಜೆ 7.15ಕ್ಕೆ. ಮಧ್ಯಾಹ್ನವೇ ಒಂದು ನಿದ್ದೆ ತೆಗೆಯುತ್ತಾರಂತೆ. 72 ಮತ್ತೆ ಟೇಬಲ್ ಮೇಲಿಲ್ಲ. ಈ ಸಲ ಕೇಳುವುದಿಲ್ಲ.