ನೀವು ನನ್ನನ್ನ ಯಾರು ಅಂತೀರಿ

ಇವತ್ತು ಆಫೀಸ್ ಮುಗಿಸ್ಕೊಂಡು ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ, ಹೊರಗಡೆ ಬಸ್ಸುಗಳ ಹಾರ್ನು, ಒಳಗೆ ಮೇಣದಬತ್ತಿ ವಾಸನೆ, ಮೊಬೈಲಲ್ಲಿ ಬೈಬಲ್‌ನ ಮಾರ್ಕನ ಸುವಾರ್ತೆ 8ನೇ ಅಧ್ಯಾಯ. ಯೇಸು ದಾರೀಲಿ ಹೋಗ್ತಾ ಶಿಷ್ಯರನ್ನ ಕೇಳ್ತಾರಲ್ಲ, ಜನ ನನ್ನನ್ನ ಯಾರು ಅಂತಾರೆ ಅಂತ. ಸ್ನಾನಿಕ ಯೋಹಾನ ಅಂತಾರೆ, ಎಲೀಯ ಅಂತಾರೆ, ಪ್ರವಾದಿ ಅಂತಾರೆ. ಸರಿ, ನೀವೇನಂತೀರಿ? ಪೇತ್ರ ತಕ್ಷಣ ಹೇಳ್ಬಿಟ್ಟ, ನೀನೇ ಕ್ರಿಸ್ತ, ದೇವರು ಕಳಿಸಿದ ರಕ್ಷಕ ಅಂತ. ಉತ್ತರ ಕರೆಕ್ಟೇ, ಆದ್ರೆ ಯೇಸು ನಾನು ಕಷ್ಟಪಟ್ಟು ಸಾಯ್ಬೇಕು ಅಂದ ಕೂಡ್ಲೇ ಅದೇ ಪೇತ್ರ ಹಾಗೆಲ್ಲ ಆಗ್ಬಾರ್ದು ಅಂತ ಅಡ್ಡ ಬಂದ. ಹೆಸರು ಗೊತ್ತಿತ್ತು, ಶಿಲುಬೆ ಬೇಡವಾಗಿತ್ತು. ನಾನೂ ಎಷ್ಟೋ ವರ್ಷ ಹಾಗೇ ಇದ್ದೆ, ಎಕ್ಸಾಮು, ಕೆಲಸ, ಲೋನು, ಕೇಳಿದ್ದು ಕೊಡೋ ಯೇಸಪ್ಪ ಸಾಕಾಗಿತ್ತು.

325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳ ಸಭೆ ಯೇಸು ತಂದೆಯ ಜೊತೆ ಒಂದೇ ಸ್ವರೂಪ ಅಂತ ಹೇಳ್ತು, 451ರಲ್ಲಿ ಕ್ಯಾಲ್ಸಿಡನ್‌ನಲ್ಲಿ ಸೇರಿದ ಇನ್ನೊಂದು ಸಭೆ ಪೂರ್ತಿ ದೇವರು, ಪೂರ್ತಿ ಮನುಷ್ಯ ಅಂತ. ಚರ್ಚಿನ ಕ್ಯಾಟೆಕಿಸಂ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದೆ ಅಷ್ಟೇ. ಅಜ್ಜಿ ತೀರ್ಕೊಂಡ ರಾತ್ರಿ ಆಸ್ಪತ್ರೆ ಕಾರಿಡಾರಲ್ಲಿ ಕೂತಾಗ ತನ್ನ ಗೆಳೆಯ ಲಾಜರನ ಸಮಾಧಿ ಹತ್ರ ಅತ್ತ ಯೇಸು ನೆನಪಾದ್ರು, ಅವನನ್ನ ಬದುಕಿಸಿ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ರು, ಆಮೇಲೆ ಅದೇ ಬಾಯಲ್ಲಿ ಲಾಜರಾ ಹೊರಗೆ ಬಾ ಅಂತ ಕೂಗಿದ್ರು. ಪೂರ್ತಿ ಮನುಷ್ಯ, ಪೂರ್ತಿ ದೇವರು ಅನ್ನೋದು ನಂಗೆ ಅಲ್ಲಿ ಅರ್ಥ ಆಯ್ತು.

ಮನೆಗೆ ಹೋಗಿ ಅಮ್ಮಂಗೆ ಆ ಭಾಗ ಜೋರಾಗಿ ಓದಿ ಹೇಳ್ಬೇಕು, ಅವ್ರಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ.