ವೆನೆಜುವೆಲಾ ನೋಡಿಯೂ ಬುದ್ಧಿ ಬರಲಿಲ್ಲವೇ?

ಲ್ಯಾಟಿನ್ ಅಮೆರಿಕದ ರಾಜಕೀಯವನ್ನು ಒಂದಿಷ್ಟು ಓದಿಕೊಂಡವನೆಂದು ಗೊತ್ತಾದೊಡನೆ ಜನ ನನ್ನನ್ನು ಕೇಳುವುದು ಒಂದೇ: ‘ಅಲ್ಲಿಯವರು ಮತ್ತೆ ಮತ್ತೆ ಎಡಪಂಥೀಯರನ್ನೇ ಗೆಲ್ಲಿಸುತ್ತಾರಲ್ಲ, ವೆನೆಜುವೆಲಾ ನೋಡಿಯೂ ಬುದ್ಧಿ ಬರಲಿಲ್ಲವೇ?’ ಎಡಪಂಥೀಯರ ಆಳ್ವಿಕೆಯಲ್ಲಿ ವೆನೆಜುವೆಲಾದ ಆರ್ಥಿಕತೆ ಕುಸಿದದ್ದು ಅವರ ಮನಸ್ಸಿನಲ್ಲಿರುತ್ತದೆ. ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ಕೇಳುವ ಈ ಪ್ರಶ್ನೆಗೆ ಇಷ್ಟು ದಿನ ನಗುತ್ತಲೇ ಉತ್ತರಿಸಿದ್ದೇನೆ, ಇನ್ನು ನನ್ನಿಂದಾಗದು.

ನೆಂಟರ ಮದುವೆಯೊಂದರಲ್ಲಿ, ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ ಪಕ್ಕದ ಹಿರಿಯರು ಇದನ್ನೇ ಕೇಳಿದರು. ನಾನು ಚಿಲಿಯಿಂದ ಆರಂಭಿಸಿದೆ. 2019ರ ಅಕ್ಟೋಬರಿನಲ್ಲಿ ರಾಜಧಾನಿ ಸಾಂಟಿಯಾಗೊದ ಮೆಟ್ರೊದಲ್ಲಿ ದಟ್ಟಣೆ ಹೊತ್ತಿನ ದರ 800ರಿಂದ 830 ಪೆಸೊಗೆ (ಅಲ್ಲಿನ ನಾಣ್ಯ) ಏರಿದಾಗ ವಿದ್ಯಾರ್ಥಿಗಳು ಗೇಟು ಹಾರಿ ಒಳನುಗ್ಗಿದರು. ಕೆಲವೇ ದಿನಗಳಲ್ಲಿ ಬೀದಿಗೆ ಸೈನ್ಯ ಬಂತು. ‘30 ಪೆಸೊ ಅಲ್ಲ, 30 ವರ್ಷ’ ಎಂಬುದು ಅವರ ಘೋಷಣೆ. ಸೇನಾನಾಯಕ ಪಿನೊಚೆಯ ಸರ್ವಾಧಿಕಾರ 1990ರಲ್ಲಿ ಮುಗಿದರೂ ಪಿಂಚಣಿಯಿಂದ ಕುಡಿಯುವ ನೀರಿನವರೆಗೆ ಖಾಸಗಿಯವರ ಹಿಡಿತ ಸಡಿಲವಾಗದ ಸಿಟ್ಟು ಅದರಲ್ಲಿತ್ತು, ಆ ಸಿಟ್ಟಿನ ಬಲದಿಂದಲೇ 2021ರಲ್ಲಿ ಎಡಪಂಥೀಯ ಗೇಬ್ರಿಯಲ್ ಬೋರಿಕ್ ಅಧ್ಯಕ್ಷ ಚುನಾವಣೆ ಗೆದ್ದರು ಎಂದೆ. ‘ಕಮ್ಯುನಿಸ್ಟರು ಬಂದರು ಅನ್ನಿ’ ಎಂದ ಹಿರಿಯರು ತುಪ್ಪ ಹಾಕಿಸಿಕೊಂಡರು. ಅದೇ ಜನ ಮರುವರ್ಷ ಬೋರಿಕ್ ಬೆಂಬಲಿಸಿದ್ದ ಹೊಸ ಸಂವಿಧಾನದ ಕರಡನ್ನು ಸುಮಾರು ಶೇ 62ರಷ್ಟು ಮತಗಳಿಂದ ತಳ್ಳಿಹಾಕಿದರೆಂದು ನಾನು ಹೇಳುವಷ್ಟರಲ್ಲಿ ಅವರು ಎಲೆ ಮಡಚಿದ್ದರು. ನನ್ನ ಹೋಳಿಗೆ ಆರಿತ್ತು.

ಅವರಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ಅಲ್ಲಿನ ಮತದಾರರು ಹೆಚ್ಚಾಗಿ ಕುರ್ಚಿಯಲ್ಲಿ ಕೂತವರನ್ನು ಇಳಿಸುತ್ತಾರೆ. 2022ರಲ್ಲಿ ಕೊಲಂಬಿಯಾ, ಬ್ರೆಜಿಲ್ ಎಡಕ್ಕೆ ಹೊರಳಿದ್ದೂ 2023ರಲ್ಲಿ ಅರ್ಜೆಂಟೀನಾ ಬಲಕ್ಕೆ ಹೊರಳಿದ್ದೂ ಆಳುತ್ತಿದ್ದವರ ಮೇಲಿನ ಬೇಸರದಿಂದಲೇ. (ಮೆಕ್ಸಿಕೊದಲ್ಲಿ 2024ರಲ್ಲಿ ಆಳುವ ಎಡಪಕ್ಷವೇ ಹಿಂದಿಗಿಂತ ಹೆಚ್ಚು ಮತ ಪಡೆದು ಗೆದ್ದಿತು, ನನ್ನ ವಾದಕ್ಕೆ ಅದು ಅಡ್ಡಬರುತ್ತದೆ, ಬರಲಿ.) 1985ರ ನಂತರ ಆಳುವ ಪಕ್ಷವನ್ನು ಒಮ್ಮೆಯೂ ಮರಳಿ ಗೆಲ್ಲಿಸದ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಎಡ ಸರ್ಕಾರಗಳು ಜನರಿಗೆ ಹಂಚಿದ ದುಡ್ಡು ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬೊಲಿವಿಯಾದ ಎಡಪಂಥೀಯ ಅಧ್ಯಕ್ಷರಾಗಿದ್ದ ಎವೊ ಮೊರಾಲೆಸ್ 2006ರ ಮೇ 1ರಂದು ಅನಿಲ ಕ್ಷೇತ್ರಗಳಿಗೆ ಸೈನ್ಯ ಕಳಿಸಿ ರಾಷ್ಟ್ರೀಕರಣ ಘೋಷಿಸಿದರು. ಅದೇ ವರ್ಷದಿಂದ ಸರ್ಕಾರಿ ಶಾಲೆ ಬಿಡದ ಮಕ್ಕಳ ಕೈಗೆ ವರ್ಷಕ್ಕೆ 200 ಬೊಲಿವಿಯಾನೊ (ಅಲ್ಲಿನ ನಾಣ್ಯ) ಬರತೊಡಗಿತು. ಮುಂದೆ ಅನಿಲದ ಉತ್ಪಾದನೆ ಇಳಿಯಿತು, ಡಾಲರ್ ಬರಿದಾಯಿತು. 2025ರಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಡೀಸೆಲ್‌ಗಾಗಿ ಲಾರಿಗಳು ಸಾಲುಗಟ್ಟಿ ನಿಂತಿದ್ದಾಗಲೇ ಚುನಾವಣೆ ನಡೆದು, ಮೊರಾಲೆಸ್ ಕಟ್ಟಿದ ಪಕ್ಷ ಎರಡನೇ ಸುತ್ತಿಗೂ ತಲುಪಲಿಲ್ಲ.