ಬೆಸುಗೆ ಹಾಕಲ್ಲ ಅಂದ ಮೇಸ್ತ್ರಿ

“ಸೈಕಲ್ ನೀವು ಹೊಡಿಯೋದಾದ್ರೆ ಹಚ್ಚಿಕೊಡ್ತೀನ್ರಿ. ಹುಡುಗ ಹೊಡಿಯೋದಾದ್ರೆ ಬೇರೆ ಕಡೆ ನೋಡ್ರಿ.”

ಈ ವಾರ ಪಿ.ಬಿ. ರಸ್ತೆ ಪಕ್ಕದ ಒಂದು ವೆಲ್ಡಿಂಗ್ ಶಾಪಿನಲ್ಲಿ ಮೇಸ್ತ್ರಿಯೊಬ್ಬರು ನಮ್ಮ ಭಾವನಿಗೆ ಹೇಳಿದ ಮಾತು ಇದು. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಭಾವನಿಗೆ ಇದು ದೊಡ್ಡ ಅವಮಾನ. “ಅಂದ್ರೆ ನಾನು ಬಿದ್ದು ಹಲ್ಲು ಉದುರಿಸಿಕೊಂಡ್ರೆ ಪರವಾಗಿಲ್ಲ ಅಂತಾಯ್ತು!” ಅಕ್ಕ ಒಲೆ ಮುಂದೆ ನಿಂತು ಒಬ್ಬಳೇ ನಗುತ್ತಾಳೆ. ಭಾವ ಕಡೆಯ ಸಲ ಸೈಕಲ್ ಹತ್ತಿದ್ದು ಅವರ ಮದುವೆಗೂ ಮೊದಲು ಇರಬೇಕು.

ಆಗಿದ್ದು ಇಷ್ಟು. ಅಕ್ಕನ ಮಗನಿಗೆ ಒಂಬತ್ತನೇ ಕ್ಲಾಸಿನಲ್ಲಿ ಗೇರ್ ಸೈಕಲ್ ಕೊಡಿಸಿದ್ದರು. ಅಲ್ಯೂಮಿನಿಯಂ ಫ್ರೇಮ್. ಈಗ ಅವನು ಎರಡನೇ ಪಿಯುಸಿ. ಹುಡುಗ ತೆಂಗಿನ ಮರದ ಹಾಗೆ ಬೆಳೆದ, ಸೈಕಲ್ ಇದ್ದಷ್ಟೇ ಇತ್ತು. ಸೀಟಿನ ಪೈಪನ್ನು ಮೇಲೆ ಮೇಲೆ ಎಳೆಯುತ್ತಾ ಹೋದ. ಆ ಪೈಪಿನ ಮೇಲೆ ಒಂದು ಗೆರೆ ಕೊರೆದಿರುತ್ತಾರೆ. ಗೆರೆ ಯಾವಾಗಲೂ ಫ್ರೇಮಿನ ಒಳಗೇ ಇರಬೇಕು, ಆಚೆ ಕಾಣಬಾರದು. ಇವನದು ಆಚೆ ಬಂದು ಎರಡು ಬೆರಳು ಮೇಲೆ ನಿಂತಿತ್ತು. ಒಳಗೆ ಉಳಿದ ಸಣ್ಣ ತುಂಡು, ಪ್ರತಿ ಗುಂಡಿ ಹಾರಿದಾಗಲೂ ಇವನ ಪೂರ್ತಿ ಭಾರ ಹೊತ್ತು ಫ್ರೇಮಿನ ಬಾಯನ್ನು ಮೀಟುತ್ತಾ ಬಂತು.

ಬೆಳಗ್ಗೆ ಕುಂದವಾಡ ಕೆರೆ, ರಜೆ ಬಂದರೆ ಗೆಳೆಯರ ಜೊತೆ ಕೊಂಡಜ್ಜಿ ತನಕ. ಎಲ್ಲೋ ಕಟ್ ಕಟ್ ಅನ್ನುವ ಸದ್ದು ಶುರುವಾಗಿದೆ. ಚೈನಿಗೆ ಎಣ್ಣೆ ಬಿಟ್ಟ, ಪೆಡಲ್ ಬಿಗಿ ಮಾಡಿದ. ಸದ್ದು ಹೋಗಲಿಲ್ಲ. ಒಂದು ದಿನ ಒರೆಸುವಾಗ ಸೀಟಿನ ಕೆಳಗೆ, ಮೇಲಿನ ಪೈಪು ಬಂದು ಸೇರುವ ಬೆಸುಗೆಯ ಅಂಚಿನಲ್ಲಿ, ಕೂದಲೆಳೆಯಷ್ಟು ಗೆರೆ ಕಂಡಿದೆ. ಪೇಂಟ್ ಬಿರಿದಿದೆ ಅಂದುಕೊಂಡು ಉಗುರು ಎಳೆದರೆ ಉಗುರು ಸಿಕ್ಕಿಕೊಂಡಿತಂತೆ. ಅಪ್ಪನಿಗೆ ಹೇಳಿದರೆ ಬೈಗುಳ ಗ್ಯಾರಂಟಿ. ಹಾಗಾಗಿ ಎಂ-ಸೀಲ್ ಮೆತ್ತಿ, ಮೇಲೆ ಒಂದು ಸ್ಟಿಕರ್ ಅಂಟಿಸಿ ಓಡಿಸಿದ್ದಾನೆ! ಆಮೇಲೆ ಸ್ಟಿಕರೂ ಅದೇ ಜಾಗದಲ್ಲಿ ಹರಿಯಿತು. ಆಗ ನನಗೆ ಫೋನ್ ಬಂತು. “ಮಾಮ, ನೀನೇ ಅಪ್ಪನಿಗೆ ಹೇಳು.”

ನಾನು ಡಿಪ್ಲೊಮಾ ಹುಡುಗರಿಗೆ ಲೋಹಗಳ ಪಾಠ ಮಾಡುವವನು. ಫ್ರೇಮ್ ನೋಡಿದ ಕೂಡಲೇ ಭಾವನಿಗೆ ಹೇಳಿದೆ, ಇದನ್ನ ಬೆಸೆದು ಓಡಿಸೋದು ಬೇಡ. ಭಾವ ಮೆಕ್ಕೆಜೋಳದ ವ್ಯಾಪಾರಸ್ಥರು. ಒಳ್ಳೆಯ ಮನುಷ್ಯ. ಆದರೆ ಅವರ ಮನೆಯಲ್ಲಿ ರಿಪೇರಿ ಆಗದೆ ಆಚೆ ಹೋದ ವಸ್ತು ಇಲ್ಲ. ಮಿಕ್ಸಿಗೆ ಅದೆಷ್ಟು ಸಲ ಮೋಟಾರ್ ಸುತ್ತಿಸಿದ್ದಾರೋ. “ದಾವಣಗೆರೆಯಾಗೆ ಲಾರಿ ಚಾಸಿನೇ ಜೋಡಿಸ್ತಾರೆ, ಈ ಸೈಕಲ್ ಯಾವ ಲೆಕ್ಕ?” ಅಂದರು. ಹಿತ್ತಲ ಗಿಡ ಮದ್ದಲ್ಲ. ನಾನಂತೂ ಹೆಂಡತಿಯ ತಮ್ಮ, ಹಿತ್ತಲಿಗಿಂತಲೂ ಹಿಂದೆ.

ಮೊದಲು ಹೋದ ಅಂಗಡಿಯಲ್ಲಿ ಹುಡುಗನೊಬ್ಬ ಫ್ರೇಮನ್ನು ದೂರದಿಂದಲೇ ನೋಡಿ, “ಇನ್ನೂರು ಕೊಡ್ರಿ ಸಾರ್, ಹತ್ತು ನಿಮಿಷ ಕೂತ್ಕಳ್ರಿ” ಅಂದ. ಭಾವ ಕೂತೇ ಬಿಟ್ಟರು. ಅಷ್ಟರಲ್ಲಿ ಕರೆಂಟ್ ಹೋಯಿತು. ಹೋಗಿದ್ದು ಒಳ್ಳೆಯದಾಯಿತು. ಇದಕ್ಕೆ ಆರ್ಗಾನ್ ಅನಿಲದ ಮರೆಯಲ್ಲಿ ಮಾಡುವ ಆರ್ಗಾನ್ ವೆಲ್ಡಿಂಗೇ ಬೇಕು ಅಂತ ಹೇಳಿ, ಎಬ್ಬಿಸಿಕೊಂಡು ಆ ಮೇಸ್ತ್ರಿ ಹತ್ತಿರ ಕರೆದುಕೊಂಡು ಹೋದೆ.

ಈ ಮೇಸ್ತ್ರಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅರವತ್ತು ದಾಟಿದವರು. ಹರಿಹರದ ಕಿರ್ಲೋಸ್ಕರ್‌ನಲ್ಲಿ ಕೆಲಸ ಕಲಿತವರು. ಆ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿಂದ ಹೊರಬಿದ್ದ ಕೈಗಳು ದಾವಣಗೆರೆ ತುಂಬಾ ಇವೆ. ನೋಡಿದ ಕೂಡಲೇ ಗೊತ್ತಾಗುತ್ತೆ, ಸ್ಪ್ಯಾನರನ್ನು ನೆಲಕ್ಕೆ ಎಸೆಯುವುದಿಲ್ಲ. ಬೆಂಚಿನ ಮೇಲೆ ಲಾರಿಯ ಅಲ್ಯೂಮಿನಿಯಂ ಗೇರ್‌ಬಾಕ್ಸ್ ಕವರ್ ಇತ್ತು. ಆಗಷ್ಟೇ ಬೆಸೆದದ್ದು. ಹೊಲಿಗೆ ಹಾಕಿದಷ್ಟು ಸಾಲಾಗಿ ಕೂತಿತ್ತು. ಅಂದರೆ ಅಲ್ಯೂಮಿನಿಯಂ ಬರುವುದಿಲ್ಲ ಅಂತ ಅವರು ಇಲ್ಲ ಅಂದಿದ್ದಲ್ಲ.

ಫ್ರೇಮನ್ನು ಬೋರಲು ಹಾಕಿದರು. ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಎಂ-ಸೀಲ್ ಕೆರೆದರು. ಪೇಂಟನ್ನೂ ಸ್ವಲ್ಪ ದೂರ ಕೆರೆದರು. ಡೀಸೆಲ್ ಅದ್ದಿದ ಬಟ್ಟೆಯಿಂದ ಒದ್ದೆ ಮಾಡಿ ಹಾಗೇ ಬಿಟ್ಟು, ಒಂದು ಬೀಡಿ ಸೇದಿ ಬಂದರು. ಆಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಚಾಕ್‌ಪೀಸನ್ನು ಅಡ್ಡ ಹಿಡಿದು ಪೈಪಿನ ಸುತ್ತ ಉಜ್ಜಿದರು. ಬೆಳ್ಳಗಾದ ಪೈಪಿನ ಮೇಲೆ ನಿಧಾನಕ್ಕೆ ಒಂದು ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಡೀಸೆಲ್ ಆಚೆ ಬಂದು ಚಾಕಿಗೆ ಹತ್ತಿದ್ದು. ನಮಗೆ ಕಂಡಿದ್ದ ಬಿರುಕು ಬೆರಳಿನ ಅಗಲ. ಚಾಕ್ ತೋರಿಸಿದ್ದು ಅರ್ಧ ಪೈಪು. ಇದನ್ನೇ ನಾನು ಲ್ಯಾಬಿನಲ್ಲಿ ಕೆಂಪು ಡೈ, ಬಿಳಿ ಡೆವಲಪರ್ ಡಬ್ಬಿ ಇಟ್ಟುಕೊಂಡು ಮಾಡಿಸುತ್ತೇನೆ. ಚಾಕ್‌ಪೀಸ್ ನನ್ನ ಜೇಬಿನಲ್ಲೇ ಇರುತ್ತೆ.

ಆಮೇಲೆ ತಲೆ ಎತ್ತಿ ಕೇಳಿದರು. “ಇದನ್ನ ಹೊಡಿಯೋರು ಯಾರು?”

“ಯಾರಾದ್ರೇನು ಮೇಸ್ತ್ರಿ, ಎಷ್ಟಾಗುತ್ತೆ ಹೇಳ್ರಿ,” ಅಂದರು ಭಾವ.

“ಅಲ್ಲ, ಹೊಡಿಯೋರು ಯಾರು?”

ಅಳಿಯ ಕೈ ಎತ್ತಿದ, ಕ್ಲಾಸಿನಲ್ಲಿ ಎತ್ತುವ ಹಾಗೆ. ಮೇಸ್ತ್ರಿ ಅವನನ್ನು ನೋಡಿದರು, ಭಾವನನ್ನು ನೋಡಿದರು, ಆ ಮಾತು ಹೇಳಿದರು.

ಭಾವ ಬಿಡಬೇಕಲ್ಲ. “ಗಟ್ಟಿಯಾಗಿ ಹಚ್ಚಿದ್ರೆ ಹೆಂಗ್ ಮುರಿತತಿ?” ಮೇಸ್ತ್ರಿ ಸಮಾಧಾನದಿಂದಲೇ ಹೇಳಿದರು. “ಬೆಸುಗೆ ಮುರಿಯಲ್ಲ ಸಾರ್. ಬೆಸುಗೆ ಪಕ್ಕದ್ದು ಮುರಿತತಿ.”

ನಾನು ಎರಡು ಪಿರಿಯಡ್ ತಗೊಂಡು ಹೇಳುವುದನ್ನು ಅವರು ಒಂದೇ ಉಸಿರಿಗೆ ಮುಗಿಸಿದರು. ಸೈಕಲ್ ಫ್ರೇಮುಗಳಿಗೆ ಜಾಸ್ತಿ ಬಳಸುವುದು 6061 ಅನ್ನುವ ಮಿಶ್ರಲೋಹ, ಇಲ್ಲವೇ 7005. ಈ 6061ಕ್ಕೆ ಶಕ್ತಿ ಹುಟ್ಟಿನಿಂದ ಬಂದಿದ್ದಲ್ಲ, ಬಿಸಿ ಮಾಡಿ ಕೊಟ್ಟಿದ್ದು. ಮೆತ್ತಗಿರುವಾಗ ಸುಮಾರು 55 ಮೆಗಾಪ್ಯಾಸ್ಕಲ್‌ಗೆ (ಲೋಹದ ಮೇಲೆ ಬೀಳುವ ಒತ್ತಡದ ಅಳತೆ ಇದು) ಬಾಗಿಬಿಡುವ ಲೋಹ, ಹದ ಮಾಡಿದ ಮೇಲೆ 276ರ ತನಕ ತಡೆಯುತ್ತೆ. ಐದು ಪಟ್ಟು. ಅದಕ್ಕೇ ಕಾರ್ಖಾನೆಯಲ್ಲಿ ಫ್ರೇಮ್ ಬೆಸೆದಾದ ಮೇಲೆ ಇಡೀ ಫ್ರೇಮನ್ನು ಕುಲುಮೆಗೆ ಹಾಕಿ ಸುಮಾರು 530 ಡಿಗ್ರಿಗೆ ಕಾಯಿಸುತ್ತಾರೆ. ತಟ್ಟನೆ ತಣಿಸುತ್ತಾರೆ. ಸೊಟ್ಟಗಾಗಿದ್ದರೆ ಮೆತ್ತಗಿರುವಾಗಲೇ ನೆಟ್ಟಗೆ ಮಾಡುತ್ತಾರೆ. ಮತ್ತೆ 175ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. 1906ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ ಅನ್ನುವವರು ಕಾಯಿಸಿ ತಣಿಸಿದ ಅಲ್ಯೂಮಿನಿಯಂ ತುಂಡೊಂದು ಸುಮ್ನೆ ಇಟ್ಟಲ್ಲೇ ದಿನ ಕಳೆದಂತೆ ಗಟ್ಟಿಯಾಗಿದ್ದು ಕಂಡರು. ಎಲ್ಲ ಶುರುವಾಗಿದ್ದು ಅಲ್ಲಿಂದ.

ಈಗ ಆ ಫ್ರೇಮಿಗೆ ಮತ್ತೆ ಬೆಂಕಿ ತೋರಿಸಿದರೆ? ಬೆಸುಗೆಯ ಎರಡೂ ಬದಿ ಆ ಹದ ಕೆಡುತ್ತೆ. ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತೆ. ನೋಡಲಿಕ್ಕೆ ಬೆಸುಗೆ ದಪ್ಪಗೆ, ಭದ್ರವಾಗಿ ಕಾಣುತ್ತೆ. ಪಕ್ಕದ ಪೈಪು ಒಳಗೊಳಗೇ ಸೊರಗಿರುತ್ತೆ. 7005 ಆಗಿದ್ದರೆ ಕಥೆ ಸ್ವಲ್ಪ ಬೇರೆ, ಅದಕ್ಕೆ ಆ 530ರ ಕುಲುಮೆ ಬೇಕಿಲ್ಲ, ಕಡಿಮೆ ಬಿಸಿಯಲ್ಲಿ ಹದ ಮಾಡಿದರೆ ಸಾಕು. ಆದರೆ ಇದು ಯಾವುದು ಅಂತ ಯಾರಿಗೆ ಗೊತ್ತು? ಕಂಪನಿಯ ಸ್ಟಿಕರಿನ ಮೇಲೆ ಬರೀ ‘ಅಲಾಯ್’, ಅಂದರೆ ಮಿಶ್ರಲೋಹ, ಅಂತಿದೆ. ಯಾವ ಲೋಹ ಅಂತ ತಿಳಿಯದೆ, ಬೆಸುಗೆಗೆ ಕರಗಿಸಿ ತುಂಬುವ ಫಿಲ್ಲರ್ ಕಡ್ಡಿ ಯಾವುದು ಹಾಕುತ್ತೀರಿ? ತಪ್ಪು ಕಡ್ಡಿ ಬಿದ್ದರೆ ಆರುವಾಗಲೇ ಬಿರುಕು.

ಕೆಲಸದ ಕಷ್ಟವೂ ಸಣ್ಣದಲ್ಲ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ. ಗಾಳಿ ತಗುಲಿ ಅದರ ಮೈಮೇಲೆ ಕೂರುವ ಆಕ್ಸೈಡ್ ಪದರ ಕರಗಲು 2000 ಡಿಗ್ರಿ ದಾಟಬೇಕು. ಕಬ್ಬಿಣ ಕೆಂಪಗಾಗಿ ಹೇಳಿಬಿಡುತ್ತೆ, ಸಾಕು ನಿಲ್ಲಿಸು ಅಂತ. ಅಲ್ಯೂಮಿನಿಯಂ ಬಣ್ಣ ತೋರಿಸುವುದಿಲ್ಲ, ಇದ್ದಕ್ಕಿದ್ದಂತೆ ತೂತು ಬೀಳುತ್ತೆ. ಸೈಕಲ್ ಪೈಪುಗಳು ತೆಳು, ಅದರಲ್ಲೂ ತೂಕ ಉಳಿಸಲು ನಡುವೆ ಇನ್ನೂ ತೆಳು ಮಾಡಿರುತ್ತಾರೆ. ಒಳಗಡೆ ಗ್ರೀಸು, ಧೂಳು, ಮಳೆ ನೀರು. ಅದೆಲ್ಲ ಆವಿಯಾಗಿ ಬೆಸುಗೆಯೊಳಗೆ ಗುಳ್ಳೆ ಕೂರುತ್ತೆ. ಗಾಳಿಯಾಡಲು ಜಾಗವಿಲ್ಲದ ಪೈಪಾದರೆ ಒಳಗಿನ ಗಾಳಿ ಹಿಗ್ಗಿ ಕರಗಿದ ಲೋಹವನ್ನೇ ಆಚೆ ಉಗುಳುತ್ತೆ. ಪೇಂಟ್ ಸುಟ್ಟ ಹೊಗೆ ಕುಡಿಯುವವರು ಮೇಸ್ತ್ರಿಯೇ. ಇನ್ನು ಕೆಲವರು ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಒರೆಸಿ ನೇರ ಬೆಸೆಯಲು ಕೂರುತ್ತಾರೆ. ಅದರಲ್ಲಿ ಕ್ಲೋರಿನ್ ಇರುವ ದ್ರಾವಣವಿದ್ದರೆ ಆ ಬಿಸಿಗೆ ಫಾಸ್ಜೀನ್ ಹುಟ್ಟುತ್ತೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ವಿಷಾನಿಲ.

ಮನೆಗೆ ಬರುವಾಗ ಭಾವ ಕೇಳಿದರು, “ನಮ್ಮಪ್ಪನ ಸೈಕಲ್ಲಿಗೆ ಗ್ಯಾಸ್ ವೆಲ್ಡಿಂಗ್ ಹಚ್ಚಿಸಿ ಎಷ್ಟು ವರ್ಷ ಹೊಡೆದಿಲ್ಲ?” ನಿಜ. ಅದು ಸ್ಟೀಲು. ಸ್ಟೀಲಿಗೆ ಒಂದು ಮಿತಿ ಇದೆ, ಅದರೊಳಗೆ ಎಷ್ಟು ಸಲ ಕುಲುಕಿದರೂ ತಡೆದುಕೊಳ್ಳುತ್ತೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಕುಲುಕಾಟವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತೆ. 1954ರಲ್ಲಿ ಕಾಮೆಟ್ ಅನ್ನುವ ಎರಡು ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದಿದ್ದು ಹೀಗೇ ಬೆಳೆದ ಬಿರುಕಿನಿಂದ. ಇದನ್ನೂ ಹೇಳಿದೆ. “ನಮ್ಮದು ವಿಮಾನ ಅಲ್ಲ,” ಅಂದರು.

ನನಗೆ ಮಾತ್ರ ಮೇಸ್ತ್ರಿಯ ಪ್ರಶ್ನೆ ತಲೆಯಲ್ಲಿ ಸುತ್ತುತ್ತಲೇ ಇದೆ. ಹೊಡಿಯೋರು ಯಾರು? ಪೈಪಿನ ದಪ್ಪ ಎಷ್ಟು, ಯಾವ ಗ್ರೇಡು, ಎಷ್ಟು ಆಂಪಿಯರ್ ಅಂತ ಕೇಳುವುದು ಆಮೇಲೆ. ಗೇಟು, ಕಿಟಕಿ ಗ್ರಿಲ್ಲು ಮುರಿದರೆ ಇದ್ದಲ್ಲೇ ಜೋತಾಡುತ್ತೆ. ಆ ಗೇರ್‌ಬಾಕ್ಸ್ ಕವರ್ ಮತ್ತೆ ಬಿರಿದರೆ ಎಣ್ಣೆ ಸೋರುತ್ತೆ, ಲಾರಿ ನಿಲ್ಲುತ್ತೆ. ಸ್ಟೇರಿಂಗ್ ರಾಡನ್ನೂ ತಾವು ಹಚ್ಚುವುದಿಲ್ಲ ಅಂದರು. ಯಾವುದು ಮುರಿದರೆ ಏನಾಗುತ್ತೆ ಅನ್ನುವ ಲೆಕ್ಕ ಅವರ ತಲೆಯಲ್ಲಿ ಬೇರೆಯೇ ಇದೆ. ನನ್ನ ಹುಡುಗರು ಪರೀಕ್ಷೆಯಲ್ಲಿ ಸ್ಟ್ರೆಸ್ ಲೆಕ್ಕ ತಪ್ಪಿಲ್ಲದೆ ಬಿಡಿಸುತ್ತಾರೆ. ಹೊಡಿಯೋರು ಯಾರು ಅಂತ ಒಂದು ಪ್ರಶ್ನೆಪತ್ರಿಕೆಯೂ ಕೇಳಿಲ್ಲ.

ಭಾವನನ್ನು ರೇಗಿಸಲು ಅಂದದ್ದೂ ಅಲ್ಲ ಅದು. ದೊಡ್ಡವರು, ಗೊತ್ತಿದ್ದೂ ಹತ್ತುತ್ತೀನಿ ಅಂದರೆ ಅದು ನಿಮ್ಮ ಇಷ್ಟ. ಹುಡುಗನ ಪರವಾಗಿ ನೀವು ಹೂಂ ಅನ್ನೋ ಹಾಗಿಲ್ಲ. ಅಷ್ಟೇ ಅವರ ಲೆಕ್ಕ. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಸ್ಕೂಟರ್ ಮೇಲೆ ಅಪ್ಪನ ತಲೆಗೆ ಹೆಲ್ಮೆಟ್, ಮುಂದೆ ನಿಂತ ಮಗುವಿನ ತಲೆಗೆ ಗಾಳಿ. ಆಟೋದಲ್ಲಿ ತುಂಬಿಕೊಂಡು ಶಾಲೆಗೆ ಹೋಗುವ ಮಕ್ಕಳನ್ನು ದಿನಾ ನೋಡುತ್ತೇವೆ, ಅವರನ್ನು ಯಾರು ಕೇಳಿದ್ದಾರೆ? ‘ಏನಾಗಲ್ಲ ಬಿಡ್ರಿ’ ಅನ್ನುವವರು ಯಾವಾಗಲೂ ಬೇರೆಯವರ ಬಗ್ಗೆಯೇ ಹೇಳುತ್ತಿರುತ್ತಾರೆ.

ಇನ್ನೂರು ಕೇಳಿದ ಹುಡುಗನನ್ನು ಬೈಯಲೂ ಮನಸ್ಸು ಬರುವುದಿಲ್ಲ. ಆಗಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ‘ಅವನಿಗೆ ಕೆಲಸ ಬರಲ್ಲ’ ಅಂತ ಊರೆಲ್ಲ ಹೇಳುತ್ತಾನೆ. ಭಾವ ಅವತ್ತು ಆ ಮೇಸ್ತ್ರಿ ಬಗ್ಗೆ ಮಂಡಿಪೇಟೆಯಲ್ಲಿ ಹೇಳಿಕೊಂಡು ತಿರುಗಿದ್ದೂ ಅದನ್ನೇ. ಅರ್ಧ ಗಂಟೆ ಚಾಕ್ ಉಜ್ಜಿ ನೋಡಿದ್ದಕ್ಕೆ ಮೇಸ್ತ್ರಿ ಒಂದು ಪೈಸೆ ತಗೊಳ್ಳಲಿಲ್ಲ. ಕೊಡಬೇಕು ಅಂತ ಭಾವನಿಗೂ ಅನಿಸಲಿಲ್ಲ. ನಾನು ನೂರರ ನೋಟು ಹಿಡಿದರೆ, “ಕೆಲಸಾನೇ ಮಾಡಿಲ್ಲಲ್ರಿ” ಅಂದರು.

ಆದರೂ ಭಾವ ಬದಲಾದರು ಅನ್ನಿ. ನನ್ನ ಮಾತಿಗಲ್ಲ, ಮೇಸ್ತ್ರಿಯ ಮಾತಿಗೆ. ನಿನ್ನೆ ಫ್ರೇಮನ್ನು ಗುಜರಿಗೆ ಹಾಕೋಣ ಅಂತ ತಾವೇ ಹೇಳಿದರು. ಅಲ್ಲಿ ಇನ್ನೊಂದು ಜಗಳ. ಇಡಿಯಾಗಿ ಕೊಟ್ಟರೆ ಗುಜರಿಯವನು ಒಂದಿಷ್ಟು ಜಾಸ್ತಿ ಕೊಡುತ್ತಾನಂತೆ. ಯಾಕೆ ಜಾಸ್ತಿ ಕೊಡುತ್ತಾನೆ? ಎಲ್ಲೋ ಇನ್ನೂರು ಕೊಟ್ಟು ಹಚ್ಚಿಸಿ, ಪೇಂಟ್ ಹೊಡೆದು, ಇನ್ನೊಬ್ಬ ಹುಡುಗನಿಗೆ ಮಾರುತ್ತಾನೆ. ಕೊಯ್ದೇ ಕೊಡಬೇಕು ಅಂದೆ ನಾನು. ಕೊಯ್ದರೆ ಬರೀ ತೂಕದ ರೇಟು ಅಂದರು ಭಾವ. ಇಬ್ಬರೂ ವಾದ ಮಾಡುತ್ತಿರುವಾಗಲೇ ಅಳಿಯ ಹ್ಯಾಕ್ಸಾ ತಂದು ಕೆಳಗಿನ ಪೈಪನ್ನು ಅರ್ಧ ಕೊಯ್ದಾಗಿತ್ತು.

ಚಕ್ರ, ಗೇರು, ಬ್ರೇಕು, ಹ್ಯಾಂಡಲ್ ಎಲ್ಲ ಬಿಚ್ಚಿ ಮೂಟೆ ಕಟ್ಟಿ ಇಟ್ಟಿದ್ದೇವೆ. ಅವು ಚೆನ್ನಾಗಿವೆ. 27.5 ಇಂಚಿನ ಚಕ್ರ, ಡಿಸ್ಕ್ ಬ್ರೇಕು ಕೂರುವಂಥ ಸ್ಟೀಲ್ ಫ್ರೇಮ್ ದಾವಣಗೆರೆ, ಹರಿಹರದ ಕಡೆ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ. ಹುಡುಗ ಐದು ಅಡಿ ಹತ್ತು ಇಂಚು, ಇನ್ನೂ ಬೆಳೆಯುತ್ತಿದ್ದಾನೆ. ಹಾಗಾಗಿ ದೊಡ್ಡ ಸೈಜೇ ಇರಲಿ. ರೇಟು ಭಾವನ ಹತ್ತಿರ ಮಾತಾಡಬೇಡಿ, ನನಗೆ ಹೇಳಿ.